ಬಾಗಿಲ ಜೇಬಿನ ಕೆಂಪು

ಮೈಸೂರಿನಲ್ಲಿ ಕಾರಿನ ಸೀಟು ಹೊಲಿಯುವವರು ಹಲವರಿದ್ದರು. ಚಕ್ರವರ್ತಿ ಮಾತ್ರ ಒಬ್ಬನೇ, ಇರ್ವಿನ್ ರಸ್ತೆ ಹಿಂದಿನ ಗಲ್ಲಿಯ ಹುಚ್ಚಣ್ಣ. ದಬ್ಬಳವೇ ಅವನ ಖಡ್ಗ, ತೆಂಗಿನ ನಾರೇ ಸೇನೆ. ಹಳೇ ಚರ್ಮವನ್ನು ನಾಲಿಗೆಯ ತುದಿಗೆ ಮುಟ್ಟಿಸಿದರೆ ಸಾಕು, ಅದರ ಮೂಲ ಬಣ್ಣ ಹೇಳಬಲ್ಲೆನೆಂದು ಸಾರುತ್ತಿದ್ದ. ಹೆಂಡತಿ ಸುಮಿತ್ರಮ್ಮ ಎದುರು ಜಗಲಿಯಲ್ಲಿ ವೀಳ್ಯದೆಲೆ ಮಾರಿ ಸಂಸಾರ ಸಾಕುತ್ತಿದ್ದಳು. ಚಕ್ರವರ್ತಿಗಳು ಅಂಥದ್ದನ್ನೆಲ್ಲ ಗಮನಿಸುವುದಿಲ್ಲ.

ಐವತ್ತಾರನೇ ಇಸವಿಯಲ್ಲಿ ಬಸ್ಸುಗಳ ಮಾಲೀಕ ದೊರೆಸ್ವಾಮಿ, ತೀರಿಕೊಂಡ ಜಹಗೀರುದಾರರೊಬ್ಬರ ಮುದಿ ಕಾರನ್ನು ಕೊಂಡು ತಂದ.

"ಒಳಗೆಲ್ಲ ಮೊದ್ಲು ಹೆಂಗಿತ್ತೋ ಹಂಗೇ ಆಗ್ಬೇಕು ಕಣೋ. ಹಂಗಾದ್ರೆ ನನ್ನ ಬಸ್ಸಿನ ಸೀಟಿನ ಕೆಲಸವೆಲ್ಲ ನಿಂದೇ. ಕೆಟ್ರೆ, ಮಳಿಗೆ ಖಾಲಿ ಮಾಡು."

ಮಳಿಗೆಯೂ ದೊರೆಸ್ವಾಮಿಯದೇ.

ಸೀಟು ಮಾಸಲು ಕೆನೆ ಬಣ್ಣಕ್ಕಿತ್ತು. "ಬಿಸಿಲು ತಿಂದ್ಬುಟ್ಟದೆ ಸ್ವಾಮಿ," ಎಂದ ಹುಚ್ಚಣ್ಣ. ಬಿಸಿಲು ಕಾಣದ ಕಡೆ ಮೂಲ ಬಣ್ಣ ಉಳಿದಿರುತ್ತದೆಂಬುದು ಕಸುಬಿನ ನಿಯಮ. ಅದಕ್ಕೆ ಎಲ್ಲರೂ ಸೀಟಿನ ಹೊಲಿಗೆ ಬಿಚ್ಚಿ ಮಡಿಕೆಯೊಳಗೆ ನೋಡುತ್ತಾರೆ. ಚಕ್ರವರ್ತಿ ಅಷ್ಟು ಬಗ್ಗುವುದುಂಟೇ? ಹಿಂಬಾಗಿಲಿನ ಚರ್ಮದ ಜೇಬನ್ನು ಕಿತ್ತು ಒಳಮಗ್ಗುಲು ತಿರುಗಿಸಿದ. ಗಾಢ ಕೆಂಪು! ದೊರೆಸ್ವಾಮಿಯ ಎದುರಿಗೇ ನಾಲಿಗೆಗೆ ಮುಟ್ಟಿಸಿದ. ಕಣ್ಣು ಮುಚ್ಚಿ, "ರಾಜಗೆಂಪು!" ಎಂದು ಘೋಷಿಸಿದ.

ಆ ಕೆಂಪು ಯಾವ ಬಣ್ಣಕ್ಕೂ ದಕ್ಕಲಿಲ್ಲ. ಕೊನೆಗೆ ಕಾಚು ಕುದಿಸಿ ಚಿಟಿಕೆ ಸುಣ್ಣ ಹಾಕಿದ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂತು.

ಸುಮಿತ್ರಮ್ಮ ಇಣುಕಿ ನೋಡಿದಳು. "ರೀ, ಎಲೆ ಅಡಿಕೆ ಒಂದು ಸೇರಿಸಿಬುಟ್ರೆ ಬಾಯಿಗೇ ಹಾಕ್ಕೋಬಹುದಲ್ರೀ."

"ಎಲೆ ಮಾರೋಳಿಗೆ ರಾಜಗೆಂಪು ಏನು ಗೊತ್ತಾದದು? ಹೋಗೇ!"

ಆಯುಧಪೂಜೆಯ ದಿನ ಸರಸ್ವತಿಪುರಂನ ದೊರೆಸ್ವಾಮಿ ಮನೆಮುಂದೆ, ಒಳಗೆಲ್ಲ ರಾಜಗೆಂಪು ತುಂಬಿಕೊಂಡು ಕಾರು ನಿಂತಿತು. ಜಹಗೀರುದಾರರ ವಿಧವೆ ಪುಟ್ಟತಾಯಮ್ಮನವರನ್ನೂ ದೊರೆಸ್ವಾಮಿ ಕರೆಸಿದ್ದ. ಅವರು ಕಾರಿನ ಬಾಗಿಲು ತೆಗೆದವರೇ ಹಿಂದೆ ಸರಿದರು.

"ಇದೇನಪ್ಪ ದೊರೆಸ್ವಾಮಿ? ನಮ್ಮ ಕಾರಿನೊಳಗೆ ಹಾಲಿನ ಕೆನೆ ಬಣ್ಣ ಇತ್ತು."

ಹುಚ್ಚಣ್ಣ ಹಳೇ ಜೇಬನ್ನು ತಟ್ಟೆಯಲ್ಲಿಟ್ಟುಕೊಂಡು ಮುಂದೆ ಬಂದ. "ತಾಯಿ, ಸಾಕ್ಷಿ ಇಲ್ಲದೆ ಕೆಲಸ ಮಾಡೋನಲ್ಲ ನಾನು."

ಪುಟ್ಟತಾಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಥೂ, ಅತ್ಲಾಗಿಡಯ್ಯ! ಅದು ಯಜಮಾನರು ತಾಂಬೂಲ ಉಗೀತಿದ್ದ ಜೇಬು. ಗಾಜು ಇಳಿಸೋಕೆ ಸೋಮಾರಿತನ. ಸಾಯೋವರೆಗೂ ಬೈದೆ, ಬಿಡಲಿಲ್ಲ."

ದೊರೆಸ್ವಾಮಿ ತಟ್ಟೆಯತ್ತ ನೋಡಿದ. ಆಮೇಲೆ ಬಹಳ ಮೃದುವಾಗಿ ಕೇಳಿದ: "ನೀನು ಇದನ್ನ ನೆಕ್ಕಿ ನೋಡಿದ್ದೆ ಅಲ್ವೇನೋ, ಹುಚ್ಚಣ್ಣ?"

ಪೂಜೆಗೆ ಸೇರಿದ್ದ ಬಸ್ಸಿನ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ಕಾರಿನ ಮೇಲೆಯೇ ಬಿದ್ದರು. ಪೂಜೆಗೆ ಬಂದ ಪುರೋಹಿತರೂ ನಕ್ಕರು. ಮೈಸೂರು ಅಂದು ಸಂಜೆಯೊಳಗೆ ನಕ್ಕಿತು. ಮಳಿಗೆಗೆ ಮರುದಿನವೇ ಬೇರೆ ಬೀಗ ಬಿತ್ತು.

ಚಕ್ರವರ್ತಿಗೆ ಉಳಿದ ಸಿಂಹಾಸನ ಹೆಂಡತಿಯ ಜಗಲಿ. ಆಮೇಲಿನ ವರ್ಷಗಳೆಲ್ಲ ಅಲ್ಲಿಯೇ ಕೂತು, ತಲೆ ಎತ್ತದೆ ಎಲೆಗೆ ಸುಣ್ಣ ಸವರಿದ. ದೊರೆಸ್ವಾಮಿಯ ಡ್ರೈವರುಗಳು ಊರು ಸುತ್ತಿಕೊಂಡಾದರೂ ಅಲ್ಲಿಗೇ ಬರುತ್ತಿದ್ದರು.

"ಅಣ್ಣೋ, ರಾಜಗೆಂಪು ಬರೋ ಹಂಗೆ ಒಂದು ಬೀಡಾ ಕಟ್ಟು. ನೀನೇ ಮೊದ್ಲು ರುಚಿ ನೋಡ್ಬುಟ್ಟು ಕೊಡು!"

ಹುಚ್ಚಣ್ಣ ಕಟ್ಟಿಕೊಡುತ್ತಿದ್ದ. "ಕಾಚು ಜಾಸ್ತಿ ಹಾಕ್ಬೇಡ್ರೀ," ಎನ್ನುತ್ತಿದ್ದಳು ಸುಮಿತ್ರಮ್ಮ, ಹಿಂದಿನಿಂದ. "ನಿಮಗೆ ಬಣ್ಣ ಗೊತ್ತಾಗಕ್ಕಿಲ್ಲ."