ಸಿಲಿಕಾನ್ ಪಾಕೀಟಿನ ಗ್ಯಾಸ್ಕೆಟ್

ಮೆತ್ತಗಾಗಿ ಸೊಟ್ಟಗಾಗಿದ್ದ ಕುಕ್ಕರ್ ಗ್ಯಾಸ್ಕೆಟ್ಟನ್ನು ಶ್ರೀರಾಂಪುರದಿಂದ ಬಂದ ಹೆಂಗಸು ನಮ್ಮ ಮಾಲೀಕರ ಮೇಜಿನ ಮೇಲಿಟ್ಟರು. ಹಬೆ ಬಡಿದು ಸುಟ್ಟ ಇನ್ನೊಂದು ಕೈಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದರು.

“ಪಾಕೀಟಿನ ಮ್ಯಾಲೆ ಸಿಲಿಕಾನ್ ಅಂತ ಬರ್ದೈತಲ್ರಿ, ಬ್ಯಾಳಿ ಬೇಯೋ ಬಿಸೀನೂ ತಡೀಲಿಲ್ವಲ್ಲ?”

ಹೊಸದುರ್ಗದ ಈ ಗ್ಯಾಸ್ಕೆಟ್ ಕಾರ್ಖಾನೆಯಲ್ಲಿ ಅಚ್ಚು ಹಾಕುವವನು ನಾನು. ಸಿಲಿಕಾನ್ ಬಿಸಿ ತಡೆಯುತ್ತದೆ, ಆದರೆ ಅಚ್ಚು ಹಾಕಿ ಉಳಿದ ಚೂರು ಮತ್ತೆ ಕರಗದೆ ದಂಡವಾಗುತ್ತದೆ. ನಾವು ಹಾಕುತ್ತಿದ್ದುದು ಟಿಪಿಇ, ರಬ್ಬರಿನಂತೆ ಬಾಗುವ ಅಗ್ಗದ ಪ್ಲಾಸ್ಟಿಕ್. ಬಿಸಿಗೆ ಮೆತ್ತಗಾಗುತ್ತದೆ, ಎಷ್ಟು ಸಲ ಬೇಕಾದರೂ ಕರಗಿಸಬಹುದು. ಗೊತ್ತಿದ್ದೇ ಪಾಕೀಟಿಗೆ ತುಂಬಿದ್ದೆ.

ಮಾಲೀಕರು ಅಂಥದ್ದೇ ಇನ್ನೊಂದು ಕೊಟ್ಟು ಆಕೆಯನ್ನು ಸಾಗಹಾಕಿದರು. ಹಳೆಯದನ್ನು ಕಸಕ್ಕೆ ಹಾಕಹೊರಟ ನನಗೆ, “ಲೇ, ಎಸೀಬ್ಯಾಡ, ಮಿಷಿನ್‌ಗೆ ಹಾಕು” ಅಂದರು. ಹಾಕಿದೆ.

ಕರಗಿ ಹೊಸ ಗ್ಯಾಸ್ಕೆಟ್ಟಾದ ಅದೀಗ ಯಾರ ಮನೆಯ ಒಲೆಯ ಮೇಲಿದೆಯೋ ಗೊತ್ತಿಲ್ಲ. ಅವತ್ತು ಸಂಜೆ ನಮ್ಮ ಮನೆಯ ಕುಕ್ಕರಿಗೆ ಮಾತ್ರ ಚಿತ್ರದುರ್ಗಕ್ಕೆ ಹೋಗಿ ಅಸಲಿ ಸಿಲಿಕಾನಿನದೇ ತಂದೆ.