ನಡುವೆ ತೂತಿರುವ ಬೆಳಕು

ಬಾಗಲಕೋಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ನಾನು ಲೇಸರ್ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೆ. ಭಾರೀ ಶಕ್ತಿಯ ಕಿರಣ ದೂರ ಹೋಗುವಾಗ ದಾರಿಯ ಗಾಳಿಯನ್ನೇ ಕಾಯಿಸುತ್ತದೆ. ಕಾದ ಗಾಳಿ ಕಿರಣವನ್ನು ಹರಡಿಬಿಡುತ್ತದೆ. ನಡುವಿನ ಬೆಳಕು ತೆಗೆದು ಕಿರಣವನ್ನು ಬಳೆಯಂತೆ ಮಾಡಿದರೆ ಈ ಕಾಟ ತಪ್ಪೀತೇ ಎಂಬುದು ನನ್ನ ಪ್ರಶ್ನೆ. ದೊಡ್ಡ ಲೇಸರ್ ನನಗೆ ಯಾರು ಕೊಡುತ್ತಾರೆ? ಕಾಲೇಜಿನ ಸಣ್ಣ ಹಸಿರು ಲೇಸರೇ ಗತಿ. ಅದಕ್ಕೆ ಗಾಳಿ ಕಾಯಿಸುವ ಶಕ್ತಿಯಿಲ್ಲ. ಹಾಗಾಗಿ ಮೊದಲೇ ಕಾದ ಗಾಳಿ ಹುಡುಕಿಕೊಂಡು, ಬ್ಯಾಸಗಿಯ ಒಂದು ಮಧ್ಯಾಹ್ನ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಮಾಡುವ ಅಂಗಳಕ್ಕೆ ಹೋದೆ.

ಜೊತೆಗೆ ನನ್ನ ಗಂಡ. ಅವರು ಹೈಸ್ಕೂಲಿನ ಕನ್ನಡ ಮಾಸ್ತರು. ಆ ತುದಿಯ ಕತ್ತಲು ಶೆಡ್ಡಿನಲ್ಲಿ ಮನೆಯಿಂದ ತಂದ ತಮ್ಮ ಬಿಳಿ ಧೋತರ ಕಟ್ಟಿ ಪರದೆ ಮಾಡಿಕೊಂಡು ನಿಂತರು. ಈ ತುದಿಯಲ್ಲಿ ಲೇಸರನ್ನು ಸ್ಟ್ಯಾಂಡಿಗೆ ಹಚ್ಚಿಕೊಂಡು ನಾನು. ನಡುವೆ ಬಿಸಿಲಿಗೆ ಕಾದ ಕಲ್ಲುಗಳು. ಯಂತ್ರಗಳ ಗದ್ದಲಕ್ಕೆ ಫೋನಿನ ಸ್ಪೀಕರ್ ಹಚ್ಚಿ ಕೂಗಿದೆ:

"ಏನ್ ಕಾಣಸ್ತದ್ರಿ?"

"ಉದ್ದಿನ ವಡಿ."

"ತೂತು ಅದ?"

"ಇತ್ತು. ಈಗ ಮುಚ್ಚಿತು. ಇಡ್ಲಿ ಆತು."

"ನನಗ ಇಡ್ಲಿ ಬ್ಯಾಡ್ರಿ, ವಡಿನ ಬೇಕು."

"ತಡಿ, ಈಗ ಪೂರಾ ಒಡದು ಉಪ್ಪಿಟ್ಟಾಗೇದ."

ಹೀಗೆ ಬಹಳ ಹೊತ್ತು ನಡೆಯಿತು. ನಾನು ಲೆನ್ಸ್ ತಿರುಗಿಸುತ್ತಿದ್ದಾಗ ಅಂಗಳದ ಮಾಲೀಕರು ಪೊಟ್ಟಣ ಹಿಡಿದು ಬಂದರು.

"ಅಕ್ಕಾರ, ಆಗಿಂದ ಕೇಳಾಕತ್ತೀರಿ, ಮಾಸ್ತರ್‌ಗೆ ಸಿಗವಲ್ದು. ಬಸ್‌ಸ್ಟ್ಯಾಂಡಿಗೆ ಗಾಡಿ ಕಳಿಸಿ ನಾನ ತರಿಸೇನಿ. ಅವರಿಗೆ ಬೈಬ್ಯಾಡ್ರಿ."

ನನಗೆ ಮುಖ ಎತ್ತಲಾಗಲಿಲ್ಲ. ಗಂಡ ಮಾತ್ರ ಓಡಿಬಂದು ಮೊದಲು ಪೊಟ್ಟಣ ಬಿಚ್ಚಿದರು. ತಿನ್ನುತ್ತ ಎಲ್ಲ ವಿವರಿಸಿದೆ. ಮಾಲೀಕರು ಒಂದು ವಡಿ ಎತ್ತಿ, ತೂತಿನೊಳಗಿಂದ ನನ್ನನ್ನು ನೋಡಿದರು.

"ತೂತಿದ್ರ ಬೆಳಕು ದೂರ ಹೊಕ್ಕೈತೇನ್ರಿ?"

"ಅದನ್ನ ನೋಡಾಕ ಬಂದೀನ್ರಿ."

ಅವರು ಯಂತ್ರಗಳನ್ನೆಲ್ಲ ನಿಲ್ಲಿಸಿದರು. ನೆಲದ ನಡುಕ ನಿಂತಿತು, ದೂಳು ಇಳಿಯಿತು. ಮೊದಲು ತೂತಿಲ್ಲದ ತುಂಬು ಕಿರಣ ಬಿಟ್ಟೆ. ಧೋತರದ ಮೇಲೆ ಬೆಳಕಿನ ಅಂಚು ಹರಿದುಕೊಂಡು ಕುಣಿಯಿತು. ಬಳೆ ಬಿಟ್ಟೆ, ನಡುಗಿತು, ಆದರೆ ಬಳೆಯಾಗಿಯೇ ಉಳಿಯಿತು. ದೊಡ್ಡ ಗೆಲುವೇನಲ್ಲ. ಆದರೂ ಕಂಪ್ಯೂಟರಿನಲ್ಲಿ ಮಾತ್ರ ಕಂಡದ್ದು ಬಟ್ಟೆಯ ಮೇಲೆ ಬಂದು ಕೂತಾಗ ಫೋನ್ ಹಿಡಿದು ಆ ತುದಿಗೆ ಓಡಿದೆ. ಅವಸರಕ್ಕೆ ಮೊದಲ ಫೋಟೋ ಕೆಟ್ಟಿತು. ಎರಡನೆಯದು ಚೆನ್ನಾಗಿ ಬಂತು.

ಅದನ್ನೇ ನೋಡುತ್ತ ಇಬ್ಬರೂ ಬಸ್ಸು ಹತ್ತಿದೆವು. ಅದು ಬಾಗಲಕೋಟೆಯದಲ್ಲ, ಬಾದಾಮಿಯದು ಎಂದು ತಿಳಿದದ್ದು ಕಂಡಕ್ಟರ್ ಟಿಕೆಟ್ ಕೇಳಿದಾಗ.