ಗಟ್ಟಿಯಾಗಿ ಕೂತ ಹಲ್ಲು

ದೊಡ್ಡೇರಿ ರಸ್ತೆಯಲ್ಲಿ ಸ್ಕೂಟರ್ ಜಾರಿ ಬಿದ್ದು ನನ್ನ ಮುಂದಿನ ಮೇಲ್ಹಲ್ಲೊಂದು ಬೇರುಸಮೇತ ಹೋಯಿತು. ನಾನು ಕೊಡಿಗೇನಹಳ್ಳಿಯ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುವವಳು. ಶಿರಾದ ದಂತವೈದ್ಯರೊಬ್ಬರು ದವಡೆಯ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದು ಮೂಳೆಯೊಂದಿಗೆ ಬೆಸೆದುಕೊಂಡ ಮೇಲೆ ಹೊಸ ಹಲ್ಲು ಹಾಕಿದರು. ಬೆಸೆದುಕೊಂಡಿದ್ದೇನೋ ನಿಜ, ಆದರೆ ಓರೆಯಾಗಿ. ಹಲ್ಲು ಮುಂದಕ್ಕೆ ಚಾಚಿ ತುಟಿಯನ್ನು ತಳ್ಳುತ್ತಿತ್ತು. ಪ, ಬ, ಮ ಹೇಳಲು ಹೋದರೆ ತುಟಿ ಕೂಡದೆ ಗಾಳಿ ಸೋರುತ್ತಿತ್ತು. ಹಿಂದಿನ ಬೆಂಚಿನವರು ನನ್ನಂತೆಯೇ ಉಚ್ಚರಿಸಿ ನಗುತ್ತಿದ್ದರು.

ಮತ್ತೆ ಶಿರಾಕ್ಕೆ ಹೋದೆ. ಆ ಡಾಕ್ಟರು ಹಲ್ಲನ್ನು ತಟ್ಟಿ ನೋಡಿ, "ಬಂಡೆ ಥರ ಕೂತಿದೆ ಮೇಡಂ. ಅಭ್ಯಾಸ ಆಗುತ್ತೆ," ಎಂದರು. ತುಮಕೂರಿನಲ್ಲಿ ಇನ್ನೊಬ್ಬರು, ಸುತ್ತಲಿನ ಮೂಳೆ ಕೊರೆದೇ ತೆಗೆಯಬೇಕು, ಅಲ್ಲಿ ಗುಳಿ ಬೀಳುತ್ತದೆ ಎಂದರು. ಮನೆಗೆ ಬಂದರೆ ಅತ್ತೆ, "ಸಡ್ಲ ಆಗೈತೆ ಅಂತ ಅಳೋರ್ನ ನೋಡಿವ್ನಿ. ಗಟ್ಟಿಗೈತೆ ಅಂತ ಅಳೋಳು ನೀನೊಬ್ಳೇ ಕಣಮ್ಮ," ಅಂದರು. ಊಟದ ತಟ್ಟೆಯನ್ನು ಕುಕ್ಕಿ ಎದ್ದುಹೋದೆ.

ಕೊನೆಗೆ ಮಧುಗಿರಿಯ ಡಾಕ್ಟರಮ್ಮ ಒಬ್ಬರು ಬೇರೆ ದಾರಿ ಹೇಳಿದರು. ಸ್ಕ್ರೂವಿಗೆ ಕೆಲವೇ ಕ್ಷಣ ಬಿಸಿ ಮುಟ್ಟಿಸುವುದು. ಅದಕ್ಕೆ ಅಂಟಿಕೊಂಡ ತೆಳ್ಳನೆಯ ಪದರದ ಮೂಳೆ ಮಾತ್ರ ಸತ್ತು ಹಿಡಿತ ಬಿಡುತ್ತದೆ. ಒಂದೆರಡು ವಾರ ಕಾದು ತಿರುಗಿಸಿದರೆ ಕೊರೆಯದೆಯೇ ಹೊರಬರಬಹುದು.

"ಬರಬಹುದೋ, ಬರುತ್ತೋ?" ಎಂದು ಕೇಳಿದೆ.

"ಬರಬಹುದು ಅಷ್ಟೇ. ಬಿಸಿ ಜಾಸ್ತಿಯಾದ್ರೆ ಉಳಿಸ್ಬೇಕಾದ ಮೂಳೆಯೇ ಹೋಗುತ್ತೆ. ಅದಕ್ಕೆ ಕಮ್ಮಿಯಿಂದ ಶುರು ಮಾಡ್ತೀನಿ."

ಒಪ್ಪಿದೆ. ಹಲ್ಲನ್ನು ಬಿಚ್ಚಿ, ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು, ಪೆನ್ನಿನಂಥ ಸಾಧನದ ತುದಿಯನ್ನು ಸ್ಕ್ರೂವಿಗೆ ತಾಗಿಸಿ ತೆಗೆದರು. ಏನೂ ಗೊತ್ತಾಗಲಿಲ್ಲ. ಆಮೇಲಿನ ದಿನಗಳಲ್ಲಿ ಹಲ್ಲಿಲ್ಲದ ಜಾಗ ಕಾಣದಿರಲೆಂದು ಮಾಸ್ಕ್ ಹಾಕಿಕೊಂಡೇ ಪಾಠ ಮಾಡಿದೆ.

ಹೇಳಿದ ದಿನ ಆಸೆಯಿಂದ ಹೋದೆ. ಡಾಕ್ಟರಮ್ಮ ಸ್ಕ್ರೂವಿಗೆ ಕೀಲಿ ಸಿಕ್ಕಿಸಿ ತಿರುಗಿಸಿದರೆ ನನ್ನ ತಲೆಯೇ ತಿರುಗಿತೇ ಹೊರತು ಅದು ಅಲುಗಲಿಲ್ಲ. "ಇನ್ನೊಂದ್ಸಲ ಬಿಸಿ ಕೊಡೋಣ," ಎಂದರು. ತಡೆದಿಟ್ಟಿದ್ದೆಲ್ಲ ಆಗ ಹೊರಬಂತು. "ಎಷ್ಟು ಜನರ ಮುಂದೆ ಬಾಯಿ ತೆರೀಲಿ? ಎಳೆದು ಬಿಸಾಕ್ರಿ!" ಎಂದು ಕಿರುಚಿದೆ.

ಅವರು ಕೀಲಿಯನ್ನು ಟ್ರೇಗೆ ಇಟ್ಟರು. "ಜೋರು ಮಾಡಿದ್ರೆ ತುಟಿ ಕಡೆಯ ತೆಳು ಮೂಳೆ ಒಡೆದುಹೋಗುತ್ತೆ. ಬೈಕೊಳ್ಳಿ, ಪರವಾಗಿಲ್ಲ. ನಾನು ಎಳೆಯಲ್ಲ."

ಮತ್ತೆ ಬಿಸಿ, ಮತ್ತೆ ಕಾಯುವಿಕೆ. ಎರಡನೆಯ ಸಲ ಕೀಲಿ ತಿರುಗಿದಾಗ ತಲೆಬುರುಡೆಯೊಳಗೆ ಲಟಕ್ಕೆಂದಿತು. ಬೆಚ್ಚಿಬಿದ್ದೆ. ಸ್ಕ್ರೂ ಸುತ್ತುತ್ತಾ ಸುತ್ತುತ್ತಾ ಹೊರಬಂತು. ಡಾಕ್ಟರಮ್ಮ ತೆಳ್ಳನೆಯ ಸಲಾಕೆಯಿಂದ ಕುಳಿಯ ಗೋಡೆಯನ್ನು ಸವರಿ ನೋಡಿ, "ತುಟಿ ಕಡೆಯ ಮೂಳೆ ಹಾಗೇ ಉಳಿದಿದೆ," ಎಂದು ನಿಟ್ಟುಸಿರುಬಿಟ್ಟರು. ಅವರಿಗೂ ಭಯವಿತ್ತೆಂದು ಆಗಲೇ ನನಗೆ ತಿಳಿದದ್ದು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಕುಳಿ ತುಂಬಿಕೊಳ್ಳಲು ತಿಂಗಳುಗಳೇ ಬೇಕು, ಹೊಸ ಸ್ಕ್ರೂ ಆಮೇಲೆ ಎಂದರು. ಕುರ್ಚಿಯಿಂದ ಎದ್ದು ಬ್ಯಾಗು ಹೆಗಲಿಗೇರಿಸಿದೆ.

"ಈ ಸಲ ಮೊದಲು ಸ್ಕ್ಯಾನ್ ಮಾಡಿ, ಹೊಸ ಸ್ಕ್ರೂ ಎಲ್ಲಿ, ಎಷ್ಟು ಓರೆಯಲ್ಲಿ ಕೂರುತ್ತೆ ಅಂತ ತೋರಿಸ್ತೀನಿ. ನೀವು ಒಪ್ಪಿದ ಮೇಲೇ ಮುಟ್ಟೋದು," ಎಂದರು.

ಶಿರಾದಲ್ಲಿ ಸ್ಕ್ರೂ ಕೂರಿಸುವಾಗ ಯಾರೂ ನನ್ನ ಒಪ್ಪಿಗೆ ಕೇಳಿರಲಿಲ್ಲ. ಸಿಟ್ಟೇನೂ ಇಳಿದಿರಲಿಲ್ಲ. ಬಾಯಿ ತುಂಬ ಹತ್ತಿ ಇದ್ದುದರಿಂದ ಬರಿದೆ ತಲೆಯಾಡಿಸಿ, ಕೊಡಿಗೇನಹಳ್ಳಿ ಬಸ್ಸು ಹಿಡಿದೆ.